ಉದುರದ ತೆನೆಯಿಂದಲೇ ಬೀಜ

ಗದ್ದೆಯಲ್ಲಿ ಬೆಳೆದ ಭತ್ತವನ್ನು ಕಣದಿಂದ ಹಾಗೇ ಮೊಗೆದು ವರ್ಷಾನುವರ್ಷ ಬೀಜಕ್ಕಿಟ್ಟರೆ ಬೆರಕೆ ಹೆಚ್ಚುತ್ತದೆ. ಉದ್ದ ಸುಂಕು (ಕಾಳಿನ ತುದಿಯ ಮುಳ್ಳುಕೂದಲು), ಕೆಂಪಕ್ಕಿ, ನೆಲಕ್ಕೆ ಹರಡುವ ಬುಡ, ಕೈ ತಾಗಿದರೆ ಉದುರುವ ಕಾಳು. ನಾವು ಕಾಡು ಭತ್ತ ಎಂದು ಬೈಯುವ ಈ ಗಿಡದ ಗುಣಗಳೆಲ್ಲ ಭತ್ತದ ಮೂಲ ಹುಲ್ಲಾದ ಒರೈಜಾ ರುಫಿಪೋಗನ್‌ನಲ್ಲಿ ಇರುವವೇ.

ಮುಖ್ಯವಾದದ್ದು ಉದುರುವ ಗುಣ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಕಾಳಿನ ಬುಡ ನೋಡಿ. ತಾನಾಗಿ ಉದುರಿದ್ದರ ಬುಡ ದುಂಡಗೆ, ನುಣ್ಣಗಿರುತ್ತದೆ. ಬಡಿದು ಬಿಡಿಸಿದ ನಾಟಿ ಭತ್ತದ್ದು ಹರಿದಂತೆ ಒರಟಾಗಿರುತ್ತದೆ. ಚೀನಾದ ಯಾಂಗ್ಟ್ಸಿ ನದಿಯ ಕೆಳಭಾಗದ ಟಿಯಾನ್‌ಲುವೊಶಾನ್ ಎಂಬ ಪ್ರಾಚೀನ ನೆಲೆಯಲ್ಲಿ ಅಗೆದವರು ನೋಡಿದ್ದೂ ಇದೇ ಗುರುತನ್ನು. ಅಲ್ಲಿ ಉದುರದ ಭತ್ತದ ಪಾಲು ಸುಮಾರು 6900 ವರ್ಷಗಳ ಹಿಂದೆ 27 ಶೇಕಡಾ ಇದ್ದದ್ದು, 6600 ವರ್ಷಗಳ ಹಿಂದಿನ ಹೊತ್ತಿಗೆ 39 ಆಗಿತ್ತು. ಮುನ್ನೂರು ವರ್ಷಕ್ಕೆ ಇಷ್ಟೇ! ಉದುರೀತೆಂದು ಹಸಿಯಾಗಿರುವಾಗಲೇ ಕೊಯ್ದರೆ ಎರಡೂ ಬಗೆ ಒಟ್ಟಿಗೆ ಮನೆಗೆ ಬರುತ್ತವೆ, ಆಯ್ಕೆ ನಡೆಯುವುದೇ ಇಲ್ಲ.

ಆದ್ದರಿಂದ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಕೊಯ್ದ ಕದಿರಿನಿಂದ ನಾನು ಬೀಜ ತೆಗೆಯುವುದಿಲ್ಲ. ಬೀಜದ ಪಾತಿಯನ್ನು ಉಳಿದ ಗದ್ದೆಗಿಂತ ಒಂದು ವಾರ ಹೆಚ್ಚು ನಿಲ್ಲಿಸುತ್ತೇನೆ. ಕಾಫಿ ಕೊಯ್ಲಿನ ಆಳುಗಳ ಗಡಿಬಿಡಿಯಲ್ಲಿ ಇದು ಕಷ್ಟ, ಹಕ್ಕಿಗೂ ಒಂದಿಷ್ಟು ಹೋಗುತ್ತದೆ. ಆದರೆ ಉದುರುವುದು ಅಷ್ಟರಲ್ಲಿ ಉದುರಿರುತ್ತದೆ. ಬಿದ್ದ ಕಾಳು ಮುಂದಿನ ವರ್ಷ ಅಲ್ಲೇ ಮೊಳೆಯುತ್ತದೆ, ಹಾಗಾಗಿ ಪ್ರತಿ ವರ್ಷ ಪಾತಿ ಬದಲಿಸಬೇಕು.

ಬೆರಕೆ ಕೀಳುವುದು ಮೂರು ಸಲ: ತೆಂಡೆ (ಬುಡದ ಹೊಸ ಕವಲು) ಒಡೆಯುವಾಗ ಬುಡದ ಬಣ್ಣ ನೋಡಿ, ಹೂವಾಡುವಾಗ ಎತ್ತರ ನೋಡಿ, ಹಣ್ಣಾಗುವಾಗ ಸುಂಕು ನೋಡಿ. ಎರಡನೆಯದನ್ನು ತಪ್ಪಿಸಬೇಡಿ, ಪರಾಗ ಹಾರುವುದು ಆಗಲೇ. ಆದರೂ ಭತ್ತ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಬೇರೆ ತಳಿಯ ಗದ್ದೆಯಿಂದ ಮೂರು ಮೀಟರ್ ದೂರವಿದ್ದರೆ ಸಾಕು.

ಏರಿಯ ಪಕ್ಕದ ಕೊಬ್ಬಿದ ತೆನೆಗೆ ಮರುಳಾಗುವವರೇ ಹೆಚ್ಚು. ಅದು ಬಿಸಿಲು ಗೊಬ್ಬರದ ಪ್ರಸಾದ, ತಳಿಯ ಗುಣವಲ್ಲ. ಏರಿಯಿಂದ ಒಂದು ಮೀಟರ್ ಒಳಗೆ, ಮಂಜು ಆರಿದ ಮೇಲೆ ಹನ್ನೊಂದರ ಸುಮಾರಿಗೆ ಇಳಿದು, ತೆನೆಯನ್ನು ಮುಷ್ಟಿಯಲ್ಲಿ ಹಗುರಾಗಿ ಅದುಮುತ್ತೇನೆ. ಎರಡು ಮೂರು ಕಾಳಿಗಿಂತ ಹೆಚ್ಚು ಉದುರಿದರೆ ಆ ಬುಡವನ್ನೇ ಬಿಡುವುದು. ಹೀಗೆ 250 ತೆನೆ ಆರಿಸಿದರೆ ಮುಕ್ಕಾಲು ಕೆ.ಜಿ. ಬೀಜ ಸಿಗುತ್ತದೆ. ಒಂಟಿ ಸಸಿ ನೆಟ್ಟರೆ ಹದಿನೈದು ಸೆಂಟಿಗೆ ಸಾಕು. ಮುಂದಿನ ವರ್ಷದ ಬೀಜ ಆ ಹದಿನೈದು ಸೆಂಟಿನದೇ.

ಪ್ರತಿ ತೆನೆಯಿಂದ ಒಂದೇ ಒಂದು ಕಾಳು ಸುಲಿದು ನೋಡುತ್ತೇನೆ. ಅಕ್ಕಿಯ ಮೇಲಿನ ಕೆಂಪು ಪೊರೆ ತಾಯಿಗಿಡದ್ದು, ಹಾಗಾಗಿ ಒಂದು ಕೆಂಪಾದರೆ ತೆನೆಯ ಎಲ್ಲವೂ ಕೆಂಪೇ. ಇದಕ್ಕೊಂದು ಮೋಸವೂ ಇದೆ: ಬಿಳಿ ಅಕ್ಕಿಯ ಗಿಡಕ್ಕೆ ಕಾಡು ಭತ್ತದ ಪರಾಗ ತಾಗಿದ್ದರೂ ಆ ವರ್ಷ ಕಾಳು ಬಿಳಿಯೇ ಕಾಣುತ್ತದೆ. ಗುಟ್ಟು ಹೊರಬೀಳುವುದು ಮರುವರ್ಷ. ಒಮ್ಮೆ ಶುದ್ಧವಾಯಿತೆಂದು ಸುಮ್ಮನಾದವರ ಗದ್ದೆಯಲ್ಲಿ ಕೆಂಪು ಮತ್ತೆ ಬರುವುದು ಹೀಗೆ.

ನೆರಳಿನಲ್ಲಿ ಒಣಗಿಸಿ, ಹಲ್ಲಿಗೆ ಕಟಕ್ಕೆನ್ನುವಂತಾದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ ಹಲಗೆಯ ಮೇಲಿಡುತ್ತೇನೆ. ಸಿಮೆಂಟು ನೆಲ ತಂಪು ಎಳೆಯುತ್ತದೆ.

ಜೂನ್‌ನಲ್ಲಿ ಅಗೆ (ಸಸಿಮಡಿ) ಹಾಕುವ ಮುಂಚೆ ಉಪ್ಪುನೀರು. ಹತ್ತು ಲೀಟರ್ ನೀರಿಗೆ ಒಂದೂವರೆ ಕೆ.ಜಿ.ಯಿಂದ ಶುರುಮಾಡಿ, ಹೊಸ ಕೋಳಿಮೊಟ್ಟೆ ಹಳೆಯ ನಾಲ್ಕಾಣೆ ನಾಣ್ಯದ ಅಗಲದಷ್ಟು ಮೇಲೆ ಕಾಣುವವರೆಗೆ ಉಪ್ಪು ಕರಗಿಸುವುದು. ತೇಲಿದ ಜೊಳ್ಳು ಕೋಳಿಗೆ. ಮುಳುಗಿದ್ದನ್ನು ತಕ್ಷಣ ಮೂರು ಸಲ ತೊಳೆಯಬೇಕು, ಉಪ್ಪು ಉಳಿದರೆ ಮೊಳಕೆ ಸಾಯುತ್ತದೆ. ಒಂದು ದಿನ ನೆನೆಸಿ ಗೋಣಿಯಲ್ಲಿ ಕಟ್ಟಿಡುವುದು. ಮಳೆಗಾಲದ ನಮ್ಮ ಚಳಿಗೆ ಮೊಳಕೆ ಕಾಣಲು ಎರಡು ದಿನವಾದರೂ ಬೇಕು.