ವಾರ್ಷಿಕೋತ್ಸವಕ್ಕೆ ಆಲ್ಪ್ಸ್ ಘಾಟಿಗಳಲ್ಲಿ ಸ್ವಂತ ಡ್ರೈವಿಂಗ್: ನಾವು ಪ್ಲಾನ್ ಮಾಡಿದ್ದು ಹೀಗೆ

ನಮ್ಮ ಕಡೆ ಆಷಾಢದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಬಹಳಷ್ಟು ದಂಪತಿಗಳ ವಾರ್ಷಿಕೋತ್ಸವ ಫೆಬ್ರವರಿಯಿಂದ ಮೇ ಒಳಗೆ, ಇಲ್ಲವೇ ನವೆಂಬರ್–ಡಿಸೆಂಬರ್‌ನಲ್ಲಿ ಬೀಳುತ್ತದೆ. ಆಲ್ಪ್ಸ್‌ನ ಎತ್ತರದ ಘಾಟಿ ರಸ್ತೆಗಳು ಹಿಮಕ್ಕೆ ಮುಚ್ಚಿರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ಮೇ ಆರಂಭದಿಂದ ನವೆಂಬರ್ ಆರಂಭದವರೆಗೆ ತೆರೆದಿರುತ್ತದೆ. ಇಟಲಿಯ ಸ್ಟೆಲ್ವಿಯೊ ತೆರೆಯುವುದು ಮೇ ಕೊನೆ ಅಥವಾ ಜೂನ್‌ಗೆ, ಅದೂ ಆ ವರ್ಷದ ಹಿಮ ನೋಡಿಕೊಂಡು. ಆದ್ದರಿಂದ ಮೊದಲ ತೀರ್ಮಾನ ಇದು: ತಾರೀಖು ಬೇಕೋ, ಘಾಟಿ ಬೇಕೋ? ತಾರೀಖಿನಂದೇ ಅಲ್ಲಿರಬೇಕು, ಅದು ಏಪ್ರಿಲ್ ಎಂದಾದರೆ ಗಾರ್ಡಾ ಅಥವಾ ಕೊಮೊ ಸರೋವರದ ಸುತ್ತ, ಇಲ್ಲವೇ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಿಂದ ಫ್ಯೂಸೆನ್‌ವರೆಗಿನ ರೊಮ್ಯಾಂಟಿಕ್ ರೋಡ್ ಹಿಡಿಯಿರಿ. ಘಾಟಿಯೇ ಬೇಕೆಂದರೆ ಆಚರಣೆಯನ್ನು ಸೆಪ್ಟೆಂಬರ್‌ಗೆ ತಳ್ಳಿ. ನಾವು ತಳ್ಳಿದೆವು. ಜುಲೈ–ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೆಚ್ಚು. ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಗೆ ಇಟಲಿಯೇ ರಜೆಗೆ ಹೊರಟಿರುತ್ತದೆ. ಸೆಪ್ಟೆಂಬರ್‌ನಲ್ಲಿ ಜನ ಕಮ್ಮಿ, ಬೆಳಕು ಚೆನ್ನ.

ಎರಡನೆಯ ತೀರ್ಮಾನ ಯಾರು ಓಡಿಸುವುದು ಎಂಬುದು. ಘಾಟಿಯಲ್ಲಿ ಸ್ಟಿಯರಿಂಗ್ ಹಿಡಿದವರಿಗೆ ಕಾಣುವುದು ಮುಂದಿನ ತಿರುವು ಮಾತ್ರ. ನೋಟವೆಲ್ಲ ಪಕ್ಕದ ಸೀಟಿನವರಿಗೆ. ಇಬ್ಬರ ಹಬ್ಬಕ್ಕೆ ಹೋಗಿ ಒಬ್ಬರು ಬರೀ ಡಾಂಬರು ನೋಡಿಕೊಂಡು ಬರುವುದರಲ್ಲಿ ಅರ್ಥವಿಲ್ಲ. ಇಬ್ಬರೂ ಓಡಿಸುವಂತಿದ್ದರೆ ಇಬ್ಬರಿಗೂ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿ, ಎರಡನೆಯ ಡ್ರೈವರ್ ಹೆಸರನ್ನು ಬಾಡಿಗೆ ಕರಾರಿನಲ್ಲಿ ಸೇರಿಸಿ. ಇದಕ್ಕೆ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಹೆಚ್ಚುವರಿ ಹಣ ಕಟ್ಟಬೇಕು. ಹೆಸರು ಸೇರಿಸದೆ ಓಡಿಸಿ ಅಪಘಾತವಾದರೆ ವಿಮೆ ಸಿಗುವುದಿಲ್ಲ. ಒಬ್ಬರೇ ಓಡಿಸುವವರಾದರೆ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಇಡಬೇಡಿ. ಉಳಿದ ಹೊತ್ತು ಕಾರು ನಿಲ್ಲಿಸಿ ನೋಡುವುದಕ್ಕೆ. ಘಾಟಿಯಲ್ಲಿ ಕಿಲೋಮೀಟರ್ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಗಂಟೆಯ ಲೆಕ್ಕ ಹಾಕಿ. ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧದಷ್ಟು ಸೇರಿಸಿಕೊಂಡರೆ ಸರಿಹೋಗುತ್ತದೆ.

ನಮ್ಮ ದಾರಿ ಮ್ಯೂನಿಕ್‌ನಲ್ಲಿ ಶುರುವಾಗಿ ಮ್ಯೂನಿಕ್‌ನಲ್ಲೇ ಮುಗಿಯುವ ಸುತ್ತು. ಒಂದು ದೇಶದಲ್ಲಿ ಕಾರು ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಏಕಮುಖ ಶುಲ್ಕವೇ ಕೆಲವೊಮ್ಮೆ ಬಾಡಿಗೆಯಷ್ಟಾಗುತ್ತದೆ. ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರ ನವೆಂಬರ್‌ನಲ್ಲಿ ನೇರ ವಿಮಾನ ಶುರುವಾದದ್ದೂ ಈ ಆಯ್ಕೆಗೆ ಒಂದು ಕಾರಣ. ದಾರಿ ಹೀಗೆ: ಮ್ಯೂನಿಕ್, ಟ್ಸೆಲ್ ಆಮ್ ಸೀ, ಗ್ರೋಸ್‌ಗ್ಲಾಕ್ನರ್ ದಾಟಿ ಹೈಲಿಗೆನ್‌ಬ್ಲೂಟ್, ಲೀಂಟ್ಸ್, ಅಲ್ಲಿಂದ ಇಟಲಿಯ ಡೊಬಿಯಾಕೊ, ಡಾಲಮೈಟ್ಸ್ ಬೆಟ್ಟಸಾಲು, ಬೊಲ್ಜಾನೊ, ಮೆರಾನೊ, ರೆಶೆನ್ ಸರೋವರ, ಲಾಂಡೆಕ್, ಫ್ಯೂಸೆನ್, ಮರಳಿ ಮ್ಯೂನಿಕ್. ಊರೂರಿಗೆ ಹೋಟೆಲ್ ಬದಲಿಸದೆ ಟ್ಸೆಲ್‌ನಲ್ಲಿ ಒಂದು, ಡಾಲಮೈಟ್ಸ್‌ನಲ್ಲಿ ಒಂದು, ಮೆರಾನೊ ಬಳಿ ಒಂದು ಎಂದು ಠಿಕಾಣಿ ಹೂಡುವುದು ಒಳ್ಳೆಯದು. ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟುವ ಪ್ರವಾಸದಲ್ಲಿ ದಾಂಪತ್ಯ ಸುಖ ಹುಡುಕಬೇಡಿ.

ಈ ಸುತ್ತಿನ ದೇಶಗಳಿಗೆಲ್ಲ ಸೇರಿ ಒಂದೇ ವೀಸಾ, ಷೆಂಗೆನ್ ವೀಸಾ. ಅದರ ವಿಷಯಕ್ಕೆ ಅನೇಕರು ಎಡವುತ್ತಾರೆ. ಇಳಿಯುವುದು ಜರ್ಮನಿಯಲ್ಲಿ ಎಂದು ಜರ್ಮನಿಗೆ ಅರ್ಜಿ ಹಾಕುತ್ತಾರೆ. ನಿಯಮ ಬೇರೆ: ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ, ರಾತ್ರಿಗಳು ಸಮನಾದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಡಾಲಮೈಟ್ಸ್ ಮತ್ತು ಮೆರಾನೊ ಎರಡೂ ಇಟಲಿಯವು, ಹಾಗಾಗಿ ಅರ್ಜಿ ಇಟಲಿಗೆ. ಮ್ಯೂನಿಕ್‌ನ ಇಮಿಗ್ರೇಷನ್ ಕೌಂಟರಿನಲ್ಲಿ ಪ್ರಶ್ನೆ ಬಂದರೆ ತೋರಿಸಲು ಇಟಲಿಯ ಹೋಟೆಲ್ ಬುಕ್ಕಿಂಗ್‌ಗಳ ಪ್ರಿಂಟ್ ಕೈಚೀಲದಲ್ಲೇ ಇರಲಿ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ನಿಯಮದ ಪ್ರಕಾರ 15 ದಿನ ಮೊದಲು ಹಾಕಿದರೂ ಸಾಕು, ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳಾದರೂ ಇಟ್ಟುಕೊಳ್ಳಿ. ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೋ, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಒಬ್ಬರ ಸಂಪಾದನೆಯ ಮೇಲೆ ಇಬ್ಬರೂ ಹೋಗುವುದಾದರೆ ಮದುವೆ ನೋಂದಣಿ ಪ್ರಮಾಣಪತ್ರವನ್ನೂ ಖರ್ಚು ಭರಿಸುವ ಪತ್ರವನ್ನೂ ಲಗತ್ತಿಸಿ.

ಅಂತಾರಾಷ್ಟ್ರೀಯ ಪರವಾನಗಿಗೆ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ. ಫಾರಂ 4ಎ, ಪಾಸ್‌ಪೋರ್ಟ್, ಟಿಕೆಟ್ ಪ್ರತಿಗಳು, 1,000 ರೂಪಾಯಿ. ವೈದ್ಯರ ಪ್ರಮಾಣಪತ್ರ, ವೀಸಾ ಪ್ರತಿ ಬೇಕೆಂಬ ನಿಯಮ 2021ರಲ್ಲಿ ಹೋಯಿತು, ಹಾಗಾಗಿ ವೀಸಾ ಬರುವವರೆಗೆ ಕಾಯಬೇಕಿಲ್ಲ. ಹೊರಡುವ ಮುಂಚೆ ಎರಡು ವಾರವಾದರೂ ಕೈಯಲ್ಲಿರಲಿ. ಅವಧಿ ಒಂದು ವರ್ಷ. ಇದು ಮೂಲ ಡಿಎಲ್‌ನ ಅನುವಾದ ಇದ್ದಂತೆ, ಆದ್ದರಿಂದ ಡಿಎಲ್ ಕಾರ್ಡ್ ಕೂಡ ಜೊತೆಗಿರಲೇಬೇಕು. ಫೋನಿನಲ್ಲಿರುವ ಡಿಜಿಲಾಕರ್ ಅಲ್ಲಿ ನಡೆಯುವುದಿಲ್ಲ.

ನಮ್ಮವರಿಗೇ ಇರುವ ಒಂದು ತೊಡಕು ಇನಿಶಿಯಲ್‌ದು. ಡಿಎಲ್‌ನಲ್ಲಿ ಹೆಸರಿನ ಮುಂದೆ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಎರಡಕ್ಷರ ಊರು ಮತ್ತು ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಕ್ರೆಡಿಟ್ ಕಾರ್ಡ್‌ನಲ್ಲಿ ಇನ್ನೊಂದು ಥರ. ಬಾಡಿಗೆ ಕೌಂಟರಿನವರು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಮೂರೂ ಬೇರೆಯಾಗಿದ್ದರೆ ಕಾರು ಕೊಡದೆ ವಾಪಸ್ ಕಳಿಸುವ ಹಕ್ಕು ಅವರಿಗಿದೆ, ಮುಂಗಡವೂ ಹೋಗುತ್ತದೆ. ಆರು ತಿಂಗಳು ಮೊದಲೇ ಡಿಎಲ್‌ನಲ್ಲಿ ಪಾಸ್‌ಪೋರ್ಟ್‌ನಂತೆ ಹೆಸರು ತಿದ್ದಿಸಿ, ಆಮೇಲೆ ಅಂತಾರಾಷ್ಟ್ರೀಯ ಪರವಾನಗಿಗೆ ಹೋಗಿ. ಕಾರ್ಡ್ ಮುಖ್ಯ ಡ್ರೈವರ್ ಹೆಸರಿನದ್ದೇ ಆಗಬೇಕು, ನಿಜವಾದ ಕ್ರೆಡಿಟ್ ಕಾರ್ಡ್ ಆಗಬೇಕು. ಡೆಬಿಟ್ ಮತ್ತು ಫಾರೆಕ್ಸ್ ಕಾರ್ಡ್‌ಗಳನ್ನು ಠೇವಣಿಗೆ ಬಹುತೇಕ ಕಡೆ ಒಪ್ಪುವುದಿಲ್ಲ.

ಕಾರು ಬುಕ್ ಮಾಡುವಾಗ ಆಟೋಮ್ಯಾಟಿಕ್ ಎಂದು ಆರಿಸಿ, ದುಬಾರಿಯಾದರೂ. ಎಡಗೈ ಸ್ಟಿಯರಿಂಗ್, ಬಲಗಡೆ ರಸ್ತೆ, ಜೊತೆಗೆ ಬಲಗೈಯಲ್ಲಿ ಗೇರ್, ಮೂರನ್ನೂ ಘಾಟಿಯಲ್ಲಿ ಒಟ್ಟಿಗೆ ಕಲಿಯುವುದು ಬೇಡ. ಚಿಕ್ಕ ಕಾರು ಸಾಕು. ಡಾಲಮೈಟ್ಸ್‌ನ ಊರುಗಳ ಪಾರ್ಕಿಂಗ್ ಕಂಡವರು ದೊಡ್ಡ ಎಸ್‌ಯುವಿ ಕೇಳುವುದಿಲ್ಲ. ಆಸ್ಟ್ರಿಯಾ, ಇಟಲಿ, ಸ್ಟೆಲ್ವಿಯೊ ಕಡೆ ತಿರುಗಿದರೆ ದಾರಿಯಲ್ಲಿ ಸಿಗುವ ಸ್ವಿಟ್ಜರ್ಲೆಂಡ್, ಮೂರಕ್ಕೂ ಹೋಗುತ್ತೇವೆಂದು ಕರಾರಿನಲ್ಲಿ ಬರೆಸಿ. ವಿಮೆಯಲ್ಲಿ ನಾವು ಭರಿಸಬೇಕಾದ ಮೊತ್ತ ಸಾಮಾನ್ಯವಾಗಿ ಸಾವಿರ ಯೂರೋ ಮೇಲೆ ಇರುತ್ತದೆ, ಟೈರು, ಗಾಜು, ಕಾರಿನ ತಳಭಾಗ ಹಲವು ಪಾಲಿಸಿಗಳಲ್ಲಿ ಸೇರುವುದಿಲ್ಲ. ಘಾಟಿಯಲ್ಲಿ ಪೆಟ್ಟು ತಿನ್ನುವುದು ಇವೇ. ಅದರಲ್ಲೂ ಬಲಗಡೆಯ ಚಕ್ರದ ರಿಮ್: ಎಡಗಡೆ ಕೂತ ನಮ್ಮ ಕಣ್ಣಿಗೆ ಕಾರಿನ ಅಗಲ ಸಿಗದೆ ಕಾರು ಬಲಕ್ಕೆ ವಾಲಿಕೊಂಡು ಕಲ್ಲಂಚಿಗೆ ಉಜ್ಜುತ್ತದೆ. ಪೂರ್ಣ ವಿಮೆಗೆ ಹಣ ಕೊಡುವುದು ಇಲ್ಲಿ ದಂಡವಲ್ಲ. ಕಾರು ಹೊರಡಿಸುವ ಮೊದಲು ನಾಲ್ಕೂ ರಿಮ್, ಬಂಪರ್ ಕೆಳಭಾಗ, ಗಾಜು, ಮೀಟರ್ ಎಲ್ಲವನ್ನೂ ವಿಡಿಯೊ ಮಾಡಿ. ಕಾರ್ಡ್ ಉಜ್ಜುವಾಗ ರೂಪಾಯಿಯೋ ಯೂರೋವೋ ಎಂದು ಯಂತ್ರ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರ ಬೀಳುತ್ತದೆ.

ಇಳಿದ ದಿನವೇ ಬೆಟ್ಟಕ್ಕೆ ಹೊರಡಬೇಡಿ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ವ್ಯವಸ್ಥೆ ಬಂದಿದೆ, ಸಾಲು ಉದ್ದವಿರಬಹುದು. ಮ್ಯೂನಿಕ್‌ನಲ್ಲಿ ಒಂದು ರಾತ್ರಿ ನಿದ್ದೆ ಮಾಡಿ, ಕಾರನ್ನು ಮರುದಿನ ಬೆಳಿಗ್ಗೆ ತೆಗೆದುಕೊಳ್ಳಿ. ಮೊದಲ ಗಂಟೆ ಇಂಡಿಕೇಟರ್ ಹಾಕಹೋಗಿ ವೈಪರ್ ಆಡಿಸುತ್ತೀರಿ, ಇಲ್ಲಿ ಮಾರುತಿ, ಹ್ಯುಂಡೈ ಓಡಿಸುವವರಿಗೆ ಇದು ತಪ್ಪಿದ್ದಲ್ಲ. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಹೆದ್ದಾರಿಯಲ್ಲಿ ಎಡ ಪಥ ಹಿಂದಿಕ್ಕುವುದಕ್ಕೆ ಮಾತ್ರ.

ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಮೊದಲೇ ಕೊಳ್ಳುವ ಟೋಲ್ ಪಾಸ್ ಬೇಕು. ಒಂದು ದಿನ, 10 ದಿನ, ಎರಡು ತಿಂಗಳು ಎಂದು ಸಿಗುತ್ತದೆ. ಇದು ನಂಬರ್ ಪ್ಲೇಟಿಗೆ ಜೋಡಣೆಯಾಗುವುದರಿಂದ ಮನೆಯಲ್ಲಿ ಕೂತು ಕೊಳ್ಳಲಾಗದು. ಕಾರು ಕೈಗೆ ಬಂದ ಮೇಲೆ ಅಲ್ಲಿನ ಹೆದ್ದಾರಿ ನೋಡಿಕೊಳ್ಳುವ ಆಸ್ಫಿನಾಗ್ ಸಂಸ್ಥೆಯ ತಾಣದಲ್ಲೇ, ಪ್ಲೇಟ್ ನೋಡಿಕೊಂಡು, ದೇಶ ಜರ್ಮನಿ ಎಂದು ಆರಿಸಿ ಕೊಳ್ಳಿ. ಅಕ್ಷರ ಓ ಮತ್ತು ಸೊನ್ನೆ ಅದಲುಬದಲಾದರೆ ವಿನ್ಯೆಟ್ ಇಲ್ಲದಂತೆಯೇ ಲೆಕ್ಕ. ಅದೇ ಥರ ಕಾಣುವ ದಲ್ಲಾಳಿ ತಾಣಗಳು ಹೆಚ್ಚು ಕೀಳುತ್ತವೆ. ನಮ್ಮ ಸುತ್ತಿನಲ್ಲಿ ಆಸ್ಟ್ರಿಯಾ ಎರಡು ಸಲ ಬರುತ್ತದೆ, ಹೋಗುವಾಗ ಒಮ್ಮೆ, ಲಾಂಡೆಕ್ ಕಡೆಯಿಂದ ಬರುವಾಗ ಒಮ್ಮೆ. ಎರಡನೆಯದು 10 ದಿನದಾಚೆ ಬಿದ್ದರೆ ಆ ದಿನಕ್ಕೆ ಒಂದು ದಿನದ್ದು ಸಾಕು. ಸ್ವಿಟ್ಜರ್ಲೆಂಡ್‌ನದು ವರ್ಷದ ಲೆಕ್ಕ ಮಾತ್ರ, 40 ಫ್ರಾಂಕ್. ಹೆದ್ದಾರಿ ಮುಟ್ಟದಿದ್ದರೆ ಬೇಡ.

ಗ್ರೋಸ್‌ಗ್ಲಾಕ್ನರ್ ರಸ್ತೆಗೆ ಬೇರೆ ಟಿಕೆಟ್, ಕಾರಿಗೆ 40 ಯೂರೋ ದಾಟುತ್ತದೆ. 1935ರಲ್ಲಿ ತೆರೆದ ಈ ರಸ್ತೆ 48 ಕಿ.ಮೀ., 36 ಹೇರ್‌ಪಿನ್ ತಿರುವು, ಹೋಖ್‌ಟೋರ್‌ನಲ್ಲಿ 2,504 ಮೀಟರ್ ಎತ್ತರ. ಆಗುಂಬೆಯಲ್ಲಿ ಓಡಿಸಿದವರಿಗೆ ತಿರುವು ಹೊಸದಲ್ಲ, ಇಲ್ಲಿ ರಸ್ತೆ ಅಗಲವೂ ಇದೆ. ಕಷ್ಟವಿರುವುದು ಇಳಿಜಾರಿನ ಉದ್ದದಲ್ಲಿ. ಆಟೋಮ್ಯಾಟಿಕ್ ಕಾರನ್ನು 'ಡಿ'ಯಲ್ಲೇ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಹಿಡಿತವೇ ಕಮ್ಮಿಯಾಗುತ್ತದೆ. ಮ್ಯಾನ್ಯುವಲ್ ಮೋಡ್‌ಗೆ ಹಾಕಿ ಎರಡನೆಯ ಗೇರಿಗೆ ಇಳಿಸಿ, ಎಂಜಿನ್ ಕಾರನ್ನು ಹಿಡಿಯಲಿ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಪೂರ್ತಿ ಬಿಡಿ. ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ, ನೀರು ಹಾಕಬೇಡಿ. ಎಡೆಲ್‌ವೈಸ್‌ಸ್ಪಿಟ್ಸೆ (2,571 ಮೀ.) ಮತ್ತು ಪಾಸ್ಟರ್ಟ್ಸೆ ಹಿಮನದಿ ಕಾಣುವ ಫ್ರಾನ್ಸ್ ಯೋಸೆಫ್ಸ್ ಹ್ಯೋಹೆ (2,369 ಮೀ.), ಎರಡೂ ಮುಖ್ಯ ರಸ್ತೆಯಿಂದ ಕವಲು. ಎರಡೂ ಬೇಕು, ಆದ್ದರಿಂದ ಇಡೀ ದಿನ ಇದಕ್ಕೇ. ರಾತ್ರಿ ಗೇಟು ಹಾಕುತ್ತಾರೆ.

ಡಾಲಮೈಟ್ಸ್ 2009ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಜನಜಂಗುಳಿಯೂ ಅದಕ್ಕೆ ತಕ್ಕಂತೆ. ಮಿಸುರಿನಾದಿಂದ ತ್ರೆ ಚಿಮೆ ಶಿಖರಗಳ ಬುಡಕ್ಕೆ ಏರುವ ಟೋಲ್ ರಸ್ತೆಗೆ ಈಗ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಕಾಯ್ದಿರಿಸಬೇಕು. ಬ್ರಾಯೆಸ್ ಸರೋವರಕ್ಕೂ ಬೇಸಿಗೆಯ ಜನಸಂದಣಿಯ ವಾರಗಳಲ್ಲಿ ಹಗಲು ಹೊತ್ತು ಬುಕ್ಕಿಂಗ್ ಇಲ್ಲದೆ ಕಾರು ಬಿಡುವುದಿಲ್ಲ. ಅಲ್ಪೆ ದಿ ಸ್ಯೂಸಿ ಹುಲ್ಲುಗಾವಲಿಗೆ ಹಗಲಿನಲ್ಲಿ ಕಾರಿಲ್ಲ, ಕೇಬಲ್ ಕಾರ್ ಹಿಡಿಯಿರಿ. ಗಾರ್ಡೆನಾ, ಸೆಲ್ಲಾ, ಪೊರ್ದೊಯಿ, ಕಾಂಪೊಲೊಂಗೊ ನಾಲ್ಕು ಘಾಟಿಗಳ ಸುತ್ತನ್ನು ಬೆಳಿಗ್ಗೆ ಒಂಬತ್ತರೊಳಗೆ ಶುರುಮಾಡಿ. ಆಮೇಲೆ ಸೈಕಲ್ಲು, ಬೈಕು, ಬಸ್ಸು. ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು. ಎದುರು ಕಾಣದಿದ್ದರೆ ಹಿಂದೆಯೇ ಇರಿ. ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದೊಂದು ದಿನ ಈ ಸುತ್ತನ್ನು ಸೈಕಲ್‌ಗಳಿಗಾಗಿಯೇ ಮುಚ್ಚುತ್ತಾರೆ, ತಾರೀಖು ನೋಡಿಕೊಂಡು ಹೋಟೆಲ್ ಹಾಕಿ.

ಆಚರಣೆಯ ದಿನ ಕಾರಿನ ಬೀಗವನ್ನೇ ತೆಗೆಯಬೇಡಿ. ಈ ದೇಶಗಳಲ್ಲೆಲ್ಲ ಮದ್ಯದ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಎರಡು ಲೋಟ ವೈನ್ ಕುಡಿದು ಘಾಟಿ ಇಳಿಯುವುದು ಕಾನೂನಿಗೂ ಸಲ್ಲದು, ಜೀವಕ್ಕೂ ಸಲ್ಲದು. ಬೊಲ್ಜಾನೊ, ಮೆರಾನೊ ಇರುವ ದಕ್ಷಿಣ ಟಿರೋಲ್ ಪ್ರಾಂತ್ಯದ ಹೋಟೆಲ್‌ಗಳಲ್ಲಿ ರಾತ್ರಿಯೂಟ ಸೇರಿದ ಹಾಫ್ ಬೋರ್ಡ್ ಸಿಗುತ್ತದೆ. ಅದನ್ನೇ ತೆಗೆದುಕೊಳ್ಳಿ, ಬೆಟ್ಟದ ಕಡೆ ಬಾಲ್ಕನಿ ಇರುವ ಕೋಣೆ ಕೇಳಿ. ಮುಳುಗುವ ಸೂರ್ಯನ ಬೆಳಕಿಗೆ ಡಾಲಮೈಟ್ ಬಂಡೆ ಗುಲಾಬಿಗೆ ತಿರುಗುತ್ತದೆ, ಆದ್ದರಿಂದ ಹೋಟೆಲ್ ಬಂಡೆಗಳ ಪಶ್ಚಿಮಕ್ಕಿರಬೇಕು. ಓಡ್ಲೆ ಶಿಖರಗಳೆದುರಿನ ಫುನೆಸ್ ಕಣಿವೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸಸ್ಯಾಹಾರಿಗಳೆಂದು, ಮೊಟ್ಟೆ–ಮೀನು ತಿನ್ನುತ್ತೀರೋ ಇಲ್ಲವೋ ಎಂದು ಬಿಡಿಸಿ ಮುಂಚೆಯೇ ಇಮೇಲ್ ಮಾಡಿ. ಪಾಲಕ್ ಕನೆದೆರ್ಲಿ (ಬ್ರೆಡ್ ಉಂಡೆ), ಪೊಲೆಂತಾ (ಮೆಕ್ಕೆಜೋಳದ ಮುದ್ದೆ), ಕೇಸೆಷ್ಪೆಟ್ಸ್‌ಲೆ (ಚೀಸ್ ಹಾಕಿದ ನೂಡಲ್ಸ್) ಸಿಗುತ್ತವೆ, ಆದರೆ ಕನೆದೆರ್ಲಿಯಲ್ಲಿ ಹಂದಿಮಾಂಸದ ಬಗೆಯೂ ಇದೆ, ಕೇಳಿ ತಿನ್ನಿ. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು; ತುಪ್ಪ, ಪೇಢೆ, ಕರಿಬೇವು ಬೇಡ, ಹಾಲಿನ ಪದಾರ್ಥಕ್ಕೂ ಹಸಿ ಎಲೆಗೂ ಕಸ್ಟಮ್ಸ್ ಒಪ್ಪುವುದಿಲ್ಲ.

ಸ್ಟೆಲ್ವಿಯೊ (2,757 ಮೀ.) ಕಡ್ಡಾಯವಲ್ಲ. ಪ್ರಾತೊ ಊರಿನ ಕಡೆಯಿಂದ 48 ನಂಬರು ಹಾಕಿದ ತಿರುವುಗಳು, ರಸ್ತೆ ಕಿರಿದು, ಪಕ್ಕದಲ್ಲಿ ಕೂತವರಿಗೆ ತಲೆಸುತ್ತು. ಹೋಗುವುದಾದರೆ ಏರಿದ ದಾರಿಯಲ್ಲೇ ಇಳಿಯದೆ ಉಂಬ್ರೈಲ್ ಘಾಟಿಯಿಂದ ಸ್ವಿಟ್ಜರ್ಲೆಂಡ್‌ನ ಸಾಂತಾ ಮರಿಯಾಕ್ಕೆ ಇಳಿದು ಗ್ಲೊರೆಂಜಾ ಮೂಲಕ ರೆಶೆನ್ ಸೇರಿ. ಹೆದ್ದಾರಿ ಇಲ್ಲದ್ದರಿಂದ ವಿನ್ಯೆಟ್ ಬೇಡ. ಸ್ವಿಸ್ ಬದಿಯಲ್ಲಿ ಹಳದಿ ಅಂಚೆ ಬಸ್ಸು ಮೂರು ಸ್ವರದ ಹಾರನ್ ಊದಿದರೆ ತಿರುವಿಗೆ ಮುಂಚೆಯೇ ನಿಂತುಬಿಡಿ. ಕೊಂಬಿನ ಚಿತ್ರದ ಫಲಕವಿರುವ ರಸ್ತೆಯಲ್ಲಿ ಆ ಚಾಲಕ ಹೇಳಿದಂತೆ ಕೇಳಬೇಕು. ರೆಶೆನ್‌ನಲ್ಲಿ 1950ರಲ್ಲಿ ಅಣೆಕಟ್ಟಿನ ನೀರಿಗೆ ಮುಳುಗಿದ ಊರಿನ ಚರ್ಚಿನ ಗೋಪುರ ಕೆರೆಯ ಮಧ್ಯೆ ನಿಂತಿದೆ. ಅಲ್ಲಿಂದ ಮುಂದೆ ಫೆರ್ನ್ ಘಾಟಿ ಶನಿವಾರ ಜಾಮ್ ಆಗುತ್ತದೆ, ವಾರದ ನಡುವೆ ದಾಟಿ.

ಇಟಲಿಯ ಬಂಕ್‌ನಲ್ಲಿ ಗ್ಯಾಸೊಲಿಯೊ ಎಂದರೆ ಡೀಸೆಲ್, ಪೆಟ್ರೋಲಿಗೆ ಬೆಂಜಿನಾ. ಸರ್ವಿತೊ ಎಂದು ಬರೆದ ಪಂಪಿನಲ್ಲಿ ಅವರೇ ತುಂಬುತ್ತಾರೆ, ದರ ಹೆಚ್ಚು. ಪಾರ್ಕಿಂಗ್‌ನಲ್ಲಿ ನೀಲಿ ಗೆರೆ ಹಣ ಕೊಟ್ಟು, ಬಿಳಿ ಗೆರೆ ಪುಕ್ಕಟೆ, ಹಳದಿ ನಮಗಲ್ಲ. ಬೊಲ್ಜಾನೊದಂಥ ಊರುಗಳ ಹಳೆಪೇಟೆಗೆ ಹೊರಗಿನ ಕಾರು ಬಿಡದ ಜೆಡ್‌ಟಿಎಲ್ ಎಂಬ ನಿರ್ಬಂಧವಿದೆ, ಕೆಂಪು ವೃತ್ತದ ಫಲಕ, ಮೇಲೆ ಕ್ಯಾಮೆರಾ. ಮ್ಯಾಪ್ ಒಳಗೆ ಕಳಿಸಿದರೂ ಹೋಗಬೇಡಿ. ಹೋಟೆಲ್ ಒಳಗಿದ್ದರೆ ನಿಮ್ಮ ಕಾರಿನ ನಂಬರ್ ನೋಂದಾಯಿಸಲು ಅವರಿಗೆ ಮೊದಲೇ ಹೇಳಿ. ದಂಡ ಬರುವುದು ಎರಡು ಕಂತಿನಲ್ಲಿ: ಮೊದಲು ಬಾಡಿಗೆ ಕಂಪನಿ ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟದ್ದಕ್ಕೆ ಕಾರ್ಡ್‌ನಿಂದ ಸೇವಾ ಶುಲ್ಕ ಮುರಿದುಕೊಳ್ಳುತ್ತದೆ, ಅಸಲು ದಂಡದ ಪತ್ರ ತಿಂಗಳುಗಳಾದ ಮೇಲೆ ಮನೆಗೆ ಬರುತ್ತದೆ. ವಿದೇಶದಲ್ಲಿರುವವರಿಗೆ ಪತ್ರ ಕಳಿಸಲು ಇಟಲಿಯವರಿಗೆ 360 ದಿನ ಅವಕಾಶವಿದೆ. ಹಾಗಾಗಿ ಕರಾರು, ಕಾರು ಮರಳಿಸಿದಾಗ ತೆಗೆದ ವಿಡಿಯೊ, ಟ್ಯಾಂಕ್ ತುಂಬಿಸಿದ ರಸೀದಿ, ವಿನ್ಯೆಟ್ ಖರೀದಿಯ ಇಮೇಲ್ ಇವನ್ನು ಒಂದು ಫೋಲ್ಡರ್‌ನಲ್ಲಿ ಒಂದು ವರ್ಷ ಇಟ್ಟಿರಿ.