ನಾನು ಎರಡನೇ ಸಲ ಓದಲು ಕಲಿತದ್ದು

ನಾನು ಓದಲು ಕಲಿತದ್ದು ಎರಡು ಸಲ. ಒಂದನೇ ತರಗತಿಯಲ್ಲಿ ಒಮ್ಮೆ, ಐದನೇ ತರಗತಿಯಲ್ಲಿ ಇನ್ನೊಮ್ಮೆ. ಮೊದಲ ಸಲದ್ದು ಹೇಗೆ ನಡೆಯಿತೋ ನೆನಪಿಲ್ಲ. ಎರಡನೇ ಸಲ ಕಲಿಯುವಾಗ ಯಾವ ಅಕ್ಷರದ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂಬುದು ಕೂಡ ನೆನಪಿದೆ. ಈಗ ನನಗೆ 14 ವರ್ಷ, ಒಂಬತ್ತನೇ ತರಗತಿ.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗಿನ ತೋಟ, ಕೊಬ್ಬರಿ ಅಟ್ಟ, ಎರಡು ಹಸು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನಾನು ಮೂರನೇ ತರಗತಿಯಲ್ಲಿದ್ದೆ. ಪರೀಕ್ಷೆ ಬರೆಯದೆಯೇ ನಾಲ್ಕಕ್ಕೆ ಹೋದೆ. ನಾಲ್ಕನೇ ತರಗತಿಯ ಕೊಠಡಿಯಲ್ಲಿ ಒಂದು ದಿನವೂ ಕೂರದೆ ಐದಕ್ಕೆ ಹೋದೆ. ನಡುವೆ ವಿದ್ಯಾಗಮ ಎಂದು ಶಿಕ್ಷಕರು ಊರಿಗೇ ಬಂದು ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಅಕ್ಟೋಬರ್ ಹೊತ್ತಿಗೆ ಅದೂ ನಿಂತಿತು. ಮನೆಯಲ್ಲಿದ್ದ ಒಂದೇ ಮೊಬೈಲ್ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತಿತ್ತು. 2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ಮತ್ತೆ ಆರಂಭವಾದವು. ಹತ್ತೊಂಬತ್ತು ತಿಂಗಳು ಕಳೆದಿದ್ದವು. ನನಗೆ ಒತ್ತಕ್ಷರಗಳು ಮರೆತುಹೋಗಿದ್ದವು.

ಅದನ್ನು ಯಾರಿಗೂ ಹೇಳಲಿಲ್ಲ. ನಮ್ಮ ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಒಂದೊಂದು ಪ್ಯಾರಾ ಓದಬೇಕಿತ್ತು. ನನ್ನ ಸರದಿಗೆ ಯಾವ ಪ್ಯಾರಾ ಬರುತ್ತದೆ ಎಂದು ಎಣಿಸಿಕೊಂಡು, ಪಕ್ಕದವಳಿಂದ ಅದನ್ನು ಮೆಲ್ಲಗೆ ಓದಿಸಿಕೊಂಡು, ಬಾಯಿಪಾಠ ಮಾಡಿ, ಪುಸ್ತಕ ನೋಡುತ್ತಾ ಒಪ್ಪಿಸುತ್ತಿದ್ದೆ. ಹೀಗೆ ಸುಮಾರು ಮೂರು ವಾರ ನಡೆಯಿತು. ಒಂದು ದಿನ ಮುಂದಿನ ಬೆಂಚಿನ ಹುಡುಗ ಎದ್ದು ನೀರು ಕುಡಿಯಲು ಹೋದ. ಲೆಕ್ಕ ತಪ್ಪಿ ನನಗೆ ಬೇರೆ ಪ್ಯಾರಾ ಬಂತು. ಅದರ ಎರಡನೇ ಸಾಲಿನಲ್ಲಿ ‘ಅರ್ಥ’ ಎಂಬ ಪದವಿತ್ತು. ನಾನು ‘ಅಥರ’ ಎಂದೆ. ಮುಂದೆ ಓದಲು ಆಗಲಿಲ್ಲ. “ಐದನೇ ತರಗತಿಗೆ ಬಂದರೂ ಒತ್ತಕ್ಷರ ಬರುವುದಿಲ್ಲವೇ?” ಎಂದು ಶಿಕ್ಷಕರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ತರಗತಿಯಲ್ಲಿ ನನ್ನಂತೆಯೇ ಬಾಯಿಪಾಠ ಮಾಡಿ ಒಪ್ಪಿಸುವವರು ಇನ್ನೂ ಹಲವರಿದ್ದರು ಎಂಬುದು ಬಹಳ ದಿನಗಳ ನಂತರ ತಿಳಿಯಿತು. ಆ ದಿನ ನಾನೊಬ್ಬಳೇ ಎಂದುಕೊಂಡಿದ್ದೆ.

ಓದಲು ಬರುವವರಿಗೆ ‘ಅರ್ಥ’ದಲ್ಲಿ ಏನು ಕಷ್ಟ ಎನ್ನಿಸಬಹುದು. ಆ ಪದದಲ್ಲಿ ಕಣ್ಣಿಗೆ ಮೊದಲು ಸಿಗುವುದು ‘ಥ’. ಅರ್ಕಾವತ್ತು ಅದರ ಬಲಗಡೆ, ಹಿಂದೆ ನಿಂತಿರುತ್ತದೆ. ಆದರೆ ನಾಲಿಗೆ ಮೊದಲು ಹೇಳಬೇಕಾದದ್ದು ಆ ‘ರ್’ ಅನ್ನೇ. ಕಣ್ಣು ಹೋದ ದಾರಿಯಲ್ಲೇ ನಾಲಿಗೆಯೂ ಹೋದರೆ ‘ಅಥರ’ ಆಗುತ್ತದೆ. ಸೂರ್ಯ, ಕರ್ನಾಟಕ, ವಿದ್ಯಾರ್ಥಿ ಎಲ್ಲದರಲ್ಲೂ ಹೀಗೆಯೇ. ‘ಸ್ತ್ರೀ’ ಇನ್ನೂ ಕಠಿಣ. ಅದರಲ್ಲಿ ಗುಡಿಸು, ದೀರ್ಘ ಎರಡೂ ‘ಸ’ಗೆ ಅಂಟಿಕೊಂಡಿರುತ್ತವೆ, ಆದರೆ ಆ ಸ್ವರ ಹೊರಡುವುದು ಕೆಳಗಿನ ಎರಡೂ ಒತ್ತುಗಳನ್ನು ಹೇಳಿ ಮುಗಿಸಿದ ಮೇಲೆ. ಅಕ್ಕ, ಅಮ್ಮ, ಅಪ್ಪ ನನಗೆ ಮರೆತಿರಲಿಲ್ಲ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ಊಹಿಸಿ ಹೇಳುತ್ತಿದ್ದೆ. ಬೇರೆ ಅಕ್ಷರದ ಒತ್ತು ಬಂದ ಕಡೆಯೆಲ್ಲ ನಿಂತುಬಿಡುತ್ತಿದ್ದೆ.

ನಮ್ಮ ಗ್ರಾಮ ಪಂಚಾಯಿತಿ ಕಟ್ಟಡದ ಪಕ್ಕದಲ್ಲಿ ಒಂದು ಗ್ರಂಥಾಲಯವಿದೆ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಅಕ್ಕ ಸದಸ್ಯೆಯಾಗಿದ್ದಳು. ‘ಅಥರ’ದ ಮರುದಿನ ಸಂಜೆ ಅವಳ ಜೊತೆ ಹೋದೆ. ದಪ್ಪನೆಯ ಪುಸ್ತಕವೊಂದನ್ನು ತೆಗೆದುಕೊಂಡು ಮೂಲೆಯಲ್ಲಿ ಕುಳಿತು ಹಾಳೆ ತಿರುಗಿಸುತ್ತಾ ಹೋದೆ. ನನ್ನ ವಯಸ್ಸಿಗೆ ಅಂಥದ್ದೇ ಬೇಕು ಎಂದುಕೊಂಡಿದ್ದೆ.

ಗ್ರಂಥಾಲಯದ ಮೇಡಂ ಎರಡು ಸಂಜೆ ಸುಮ್ಮನೆ ನೋಡಿದರು. ಮೂರನೇ ಸಂಜೆ, “ಪುಟ್ಟಿ, ನನಗೊಂದು ಕೆಲಸ ಮಾಡಿಕೊಡುತ್ತೀಯಾ?” ಎಂದು ಕರೆದು ಒಂದು ರಟ್ಟಿನ ಪೆಟ್ಟಿಗೆ ತೋರಿಸಿದರು. ತುಂಬ ಮಕ್ಕಳ ಚಿತ್ರಪುಸ್ತಕಗಳು. ಪ್ರಥಮ್ ಬುಕ್ಸ್‌ನವರ ಪುಸ್ತಕಗಳ ಹಿಂಬದಿಯಲ್ಲಿ 1ರಿಂದ 4ರವರೆಗೆ ಓದಿನ ಹಂತ ಹಾಕಿರುತ್ತಾರೆ. ಅದನ್ನು ನೋಡಿ ಬೇರೆ ಬೇರೆ ಕಟ್ಟು ಮಾಡಬೇಕು, ಹಂತ ಹಾಕದ ಪುಸ್ತಕವಿದ್ದರೆ ಒಳಗೆ ಎಷ್ಟು ಸಾಲಿದೆ ಎಂದು ನೋಡಿ ನಾನೇ ತೀರ್ಮಾನಿಸಬೇಕು ಎಂದರು. ಕೆಲಸವೆಂದ ಮೇಲೆ ಆ ಪುಸ್ತಕಗಳನ್ನು ಮುಟ್ಟಲು ನನಗೆ ನಾಚಿಕೆಯಾಗಲಿಲ್ಲ. ಅವರು ಬೇಕೆಂದೇ ಹಾಗೆ ಮಾಡಿದ್ದರು ಎಂದು ಈಗ ಗೊತ್ತು. ಇಂದಿಗೂ ಅವರಾಗಿ ಅದನ್ನು ಹೇಳಿಲ್ಲ.

ಎರಡನೇ ಹಂತದ ಒಂದು ಪುಸ್ತಕವನ್ನು ನಿಂತಲ್ಲೇ ಓದಿ ಮುಗಿಸಿದೆ. ಪುಟಕ್ಕೆ ಮೂರು ಸಾಲು. ಕೊನೆಯ ಪುಟ ಮುಗಿದಾಗ ನನಗೆ ಒಂದು ವಿಷಯ ಹೊಳೆಯಿತು: ಆ ಪುಸ್ತಕದ ಮೇಲೆ ಎಲ್ಲಿಯೂ ‘ಎರಡನೇ ತರಗತಿಯವರಿಗೆ’ ಎಂದು ಬರೆದಿರಲಿಲ್ಲ. ನಾನು ಎತ್ತರಕ್ಕೆ ಐದನೇ ತರಗತಿಯಲ್ಲಿದ್ದೆ, ಓದಿನಲ್ಲಿ ಎರಡನೇ ಹಂತದಲ್ಲಿದ್ದೆ. ಎರಡೂ ಒಂದೇ ಅಳತೆಯಲ್ಲಿ ಬೆಳೆಯಬೇಕೆಂದು ಆ ಪುಸ್ತಕ ಹೇಳುತ್ತಿರಲಿಲ್ಲ.

ಗ್ರಂಥಾಲಯದ ಗೋಡೆಯ ಮೇಲೆ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಚಿತ್ರವಿದೆ. 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಅವರ ಹುಟ್ಟುಹಬ್ಬ, ಆಗಸ್ಟ್ 12, ಗ್ರಂಥಪಾಲಕರ ದಿನ. ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದರು. ಅವುಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ಮೇಡಂ ಅದನ್ನು ಹೇಳಿದಾಗ ನನಗೆ ನೆನಪಾದದ್ದು ಆ ರಟ್ಟಿನ ಪೆಟ್ಟಿಗೆ.

ಅಲ್ಲಿಂದ ಮುಂದೆ ನಾನು ಓದಿದ ಬಗೆ ಹೀಗಿತ್ತು. ಹಳೆಯ ಲಗ್ನಪತ್ರಿಕೆಯೊಂದನ್ನು ಅಂಗೈ ಅಗಲಕ್ಕೆ ಕತ್ತರಿಸಿ, ನಡುವೆ ಒಂದು ಪದ ಕಾಣುವಷ್ಟು ಕಿಟಕಿ ಕೊರೆದೆ. ಪತ್ರಿಕೆಯ ರಟ್ಟು ಗಟ್ಟಿ, ಬೇಗ ಮಡಚಿಕೊಳ್ಳುವುದಿಲ್ಲ. ಅದನ್ನು ಸಾಲಿನ ಮೇಲಿಟ್ಟು ಸರಿಸಿದರೆ ಒಂದು ಸಲಕ್ಕೆ ಒಂದೇ ಪದ ಕಾಣುತ್ತದೆ. ಮುಂದೆ ಇನ್ನೆಷ್ಟು ಕಷ್ಟದ ಪದಗಳಿವೆಯೋ ಎಂಬ ಹೆದರಿಕೆ ಕಾರ್ಡಿನ ಕೆಳಗೆ ಮುಚ್ಚಿಹೋಗುತ್ತದೆ. ಪುಸ್ತಕವನ್ನು ಮೂರು ಸಲ ಓದುತ್ತಿದ್ದೆ. ಮೊದಲ ಸಲ ಮನಸ್ಸಿನಲ್ಲೇ, ಎಡವಿದ ಪದಗಳನ್ನು ಗುರುತಿಟ್ಟುಕೊಳ್ಳುತ್ತಾ. ಎರಡನೇ ಸಲ ಆ ಪದಗಳನ್ನು ನೋಟ್‌ಪುಸ್ತಕದಲ್ಲಿ ಬಿಡಿಸಿ ಬರೆಯುತ್ತಿದ್ದೆ: ಅ, ರ್, ಥ. ದಿನಕ್ಕೆ ಹತ್ತು ಪದಕ್ಕಿಂತ ಹೆಚ್ಚು ಬರೆಯುತ್ತಿರಲಿಲ್ಲ, ಹೆಚ್ಚಾದರೆ ಕೈ ಓಡುತ್ತದೆ, ಕಣ್ಣು ನೋಡುವುದಿಲ್ಲ. ಮೂರನೇ ಸಲ ಗಟ್ಟಿಯಾಗಿ.

ಗಟ್ಟಿಯಾಗಿ ಓದಲು ಯಾರೂ ಇಲ್ಲದ ಜಾಗ ಬೇಕಿತ್ತು. ಅಟ್ಟಕ್ಕೆ ಹತ್ತುತ್ತಿದ್ದೆ. ನಮ್ಮ ಕಡೆ ಬಲಿತ ಕಾಯಿಗಳನ್ನು ಅಟ್ಟದಲ್ಲಿ ಹರಡಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಬೇಕು. ಒಳಗೆ ಗಡಗಡ ಎಂದರೆ ಆಗಿದೆ. ಅವಸರಪಟ್ಟು ಒಡೆದರೆ ಆ ಕಾಯಿ ಅತ್ತ ತೆಂಗಿನಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಆ ಕಾಯಿಗಳ ನಡುವೆ, ಹೆಂಚಿನ ಸಂದಿಯಿಂದ ಬೀಳುವ ಬೆಳಕಿನಲ್ಲಿ ಓದುತ್ತಿದ್ದೆ. ತಪ್ಪಿದರೆ ಅದೇ ಸಾಲನ್ನು ಮತ್ತೆ ಓದುತ್ತಿದ್ದೆ, ಯಾರೂ ಕಾಯುತ್ತಿರಲಿಲ್ಲ.

ಆರನೇ ತರಗತಿಯಲ್ಲಿ ಶಾಲೆಯಲ್ಲೂ, ಕೊರೊನಾ ಕಾಲದಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು. ಕಲಿಕಾ ಹಾಳೆಗಳನ್ನು ಕೊಟ್ಟರು. ನನಗೆ ಅವು ಸುಲಭವಾಗಿದ್ದವು, ಆ ಹೊತ್ತಿಗೆ ನನ್ನ ನೋಟ್‌ಪುಸ್ತಕ ಎರಡನೆಯದಾಗಿತ್ತು.

ಓದು ಬಂತು ಎಂದು ನನಗೆ ನಂಬಿಕೆ ಬಂದದ್ದು ಶಾಲೆಯಲ್ಲಿ ಅಲ್ಲ. 2023ರಲ್ಲಿ ಕೊಬ್ಬರಿ ಬೆಲೆ ಬಿದ್ದಿತ್ತು. ಅಪ್ಪ ತಿಪಟೂರಿಗೆ ಚೀಲ ಒಯ್ಯುವುದೋ, ಅಟ್ಟದಲ್ಲೇ ಇಡುವುದೋ ಎಂದು ಯೋಚಿಸುತ್ತಿದ್ದರು. ಒಂದು ಬೆಳಿಗ್ಗೆ ಕಾಯಿ ಸುಲಿಯುತ್ತಾ, ಕೈಯೆಲ್ಲ ನಾರು, “ಪೇಪರಿನಲ್ಲಿ ಏನಿದೆ ಓದಮ್ಮ” ಎಂದರು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಖರೀದಿ ಕೇಂದ್ರ, ನೋಂದಣಿ. ಸುದ್ದಿ ಪೂರ್ತಿ ಒತ್ತಕ್ಷರಗಳಿಂದ ತುಂಬಿತ್ತು. ನಾನು ಎಲ್ಲಿಯೂ ನಿಲ್ಲಲಿಲ್ಲ. ಅಪ್ಪ ಏಳನೇ ತರಗತಿವರೆಗೆ ಓದಿದವರು, ತಾವೇ ಓದಿಕೊಳ್ಳಬಹುದಿತ್ತು. ಆದರೂ ಮರುದಿನ ನನ್ನನ್ನೇ ಕರೆದರು. ನಾನು ಓದಿದ್ದನ್ನು ಕೇಳಿ ಅವರೊಂದು ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ದೊಡ್ಡ ವಿಷಯವಾಗಿತ್ತು. ತರಗತಿಯ ಓದಿನಲ್ಲಿ ನಾನು ಸರಿಯೋ ತಪ್ಪೋ ಎಂದು ನೋಡುತ್ತಿದ್ದರು. ಇಲ್ಲಿ ಪೇಪರಿನಲ್ಲಿ ಏನಿದೆ ಎಂದು ಕೇಳುತ್ತಿದ್ದರು.

ಏಳನೇ ತರಗತಿಯಲ್ಲಿ ನಾನು ದೊಡ್ಡವಳಾದೆ. ನಮ್ಮ ಕಡೆ ಹಾಗೆಯೇ ಹೇಳುತ್ತಾರೆ. ನೆಂಟರು ಬಂದರು, ಆರತಿ ಎತ್ತಿದರು, ಕೊಬ್ಬರಿ, ಬೆಲ್ಲ, ಎಳ್ಳು ತಿನ್ನಿಸಿದರು. ಎಲ್ಲರ ಬಾಯಲ್ಲೂ ‘ದೊಡ್ಡವಳಾದಳು’. ಒಂದು ದಿನದಲ್ಲಿ ಹೇಗೆ ದೊಡ್ಡವಳಾಗುತ್ತಾರೆ ಎಂದು ನನಗೆ ತಿಳಿಯಲಿಲ್ಲ. ನಾನು ಆಗಷ್ಟೇ ನಾಲ್ಕನೇ ಹಂತದ ಪುಸ್ತಕಗಳನ್ನು ಮುಗಿಸಿ ‘ಬಾಲವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳಿಗೆ ಬಂದಿದ್ದೆ. ಶಾಲೆಗೆ ಮತ್ತೆ ಹೋಗಲು ಶುರುಮಾಡಿದ ಮೇಲೆ ಅಮ್ಮ ಹೇಳಿದರು, ಸಂಜೆ ಗ್ರಂಥಾಲಯಕ್ಕೆ ಹೋಗುವುದು ಬೇಡ, ಕತ್ತಲಾಗುತ್ತದೆ. ಆ ದಾರಿಯಲ್ಲಿ ಕತ್ತಲು ಮೊದಲೂ ಆಗುತ್ತಿತ್ತು. ಹಾಗೆಂದು ಹೇಳಿದೆ. ಅಮ್ಮ ಉತ್ತರ ಕೊಡಲಿಲ್ಲ.

ಅಮ್ಮನ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನನ್ನ ವಯಸ್ಸಿನ ಹುಡುಗರಿಗೆ ದೊಡ್ಡವರಾಗುವುದೆಂದರೆ ದಾರಿ ಉದ್ದವಾಗುವುದು, ನಮಗೆ ಮಾತ್ರ ದಾರಿ ಚಿಕ್ಕದಾಗುವುದು ಎಂಬುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಎರಡನೇ ತಿಂಗಳು ನನಗೆ ಮುಟ್ಟು ಬರಲಿಲ್ಲ. ಮೂವತ್ತೈದು ದಿನವಾಯಿತು, ನಲವತ್ತಾಯಿತು. ಏನೋ ಕಾಯಿಲೆ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಮ್ಮನನ್ನು ಕೇಳಲು ನಾಚಿಕೆ. ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಕ್ಕನ ಸೈಕಲ್ಲಿನಲ್ಲಿ, ಅವಳು ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರ ಕೊಟ್ಟದ್ದು, ನೇರವಾಗಿ ಗ್ರಂಥಾಲಯಕ್ಕೆ ಹೋದೆ. ಆರೋಗ್ಯದ ಕಪಾಟಿನಲ್ಲಿ ಒಂದು ತೆಳುವಾದ ಕಿರುಹೊತ್ತಗೆ ಇತ್ತು. ಆರಂಭದ ವರ್ಷಗಳಲ್ಲಿ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 21ರಿಂದ 45 ದಿನಗಳವರೆಗೆ ಅಂತರವಿರುವುದು ಸಹಜ ಎಂದು ಅದರಲ್ಲಿತ್ತು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅಲ್ಲಿಯವರೆಗೆ ನಾನು ಓದಲು ಬರಲಿ ಎಂದು ಓದುತ್ತಿದ್ದೆ. ನನಗೆ ಬೇಕಾದದ್ದು ತಿಳಿಯಲಿ ಎಂದು ಓದಿದ್ದು ಅಂದೇ ಮೊದಲು.

ಹೊತ್ತಗೆಯನ್ನು ಮನೆಗೆ ತಂದು, ಅಮ್ಮ ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕುಳಿತು ಆ ಪುಟವನ್ನು ಗಟ್ಟಿಯಾಗಿ ಓದಿದೆ. ಅಮ್ಮ ತಲೆ ಎತ್ತಲಿಲ್ಲ. ಮುಗಿದ ಮೇಲೆ, “ಇನ್ನೊಂದು ಸಲ ಓದು” ಎಂದರು. ಓದಿದೆ. “ನಮಗೆ ಯಾರೂ ಹೇಳಿರಲಿಲ್ಲ” ಎಂದರು. ಮುಂದಿನ ಶನಿವಾರ ಅಮ್ಮ ನನ್ನ ಜೊತೆ ಗ್ರಂಥಾಲಯಕ್ಕೆ ಬಂದರು. ಮೇಡಂ ಜೊತೆ ಅರ್ಧ ಗಂಟೆ ಮಾತನಾಡಿದರು. ಅಂದಿನಿಂದ ಶನಿವಾರ ಮಧ್ಯಾಹ್ನ ನನ್ನದು. ಸಂಜೆಗಳು ಇನ್ನೂ ಸಿಕ್ಕಿಲ್ಲ. ನಾವು ಮೂವರು ಗೆಳತಿಯರು ಒಟ್ಟಿಗೆ ಹೋಗಿ ಬರುತ್ತೇವೆ ಎಂದು ಕೇಳುತ್ತಿದ್ದೇನೆ.

ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸರದಿಯ ಓದು ಕೆಟ್ಟದ್ದಲ್ಲ. ಆದರೆ ನಾಳೆ ಯಾರು ಯಾವ ಪ್ಯಾರಾ ಓದಬೇಕು ಎಂದು ಇಂದೇ ತಿಳಿಸಿದರೆ, ನನ್ನಂಥವರು ರಾತ್ರಿ ಅದನ್ನು ಕಾರ್ಡ್ ಇಟ್ಟುಕೊಂಡು ಹತ್ತು ಸಲ ಓದಿ ಬರುತ್ತಾರೆ. ಅದು ಮೋಸವಲ್ಲ, ಅಭ್ಯಾಸ. ಎಂಟನೇ ತರಗತಿಯಲ್ಲಿ ಇದನ್ನು ಧೈರ್ಯ ಮಾಡಿ ಕನ್ನಡ ಶಿಕ್ಷಕಿಗೆ ಹೇಳಿದೆ. ಅವರು ಮರುದಿನವೇ ಹಾಗೆ ಮಾಡಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಒಂದು ಪ್ಯಾರಾವನ್ನು ಪೂರ್ತಿಯಾಗಿ ಓದಿ ಕುಳಿತುಕೊಂಡ. ಅವನ ದನಿಯನ್ನು ನಾನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಈ ವರ್ಷ ಹಳೆಗನ್ನಡ ಪದ್ಯ ಬಂದಿದೆ. ಅಕ್ಷರಗಳೆಲ್ಲ ಗೊತ್ತು, ಒತ್ತುಗಳೆಲ್ಲ ಗೊತ್ತು, ಆದರೆ ಪದ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಒಂದು ಸಾಲು ಪೂರ್ತಿ ಒಂದೇ ಪದದ ಹಾಗೆ ಕಾಣುತ್ತದೆ. ಮೊದಲ ದಿನ ಎದೆ ಐದನೇ ತರಗತಿಯಲ್ಲಿ ಬಡಿದುಕೊಂಡ ಹಾಗೆಯೇ ಬಡಿದುಕೊಂಡಿತು. ಗೆಳತಿಯರು ಗೈಡ್ ನೋಡಿ ಸಾರಾಂಶ ಬರೆದುಕೊಂಡರು. ನಾನು ಮನೆಗೆ ಬಂದು ಹಳೆಯ ನೋಟ್‌ಪುಸ್ತಕದಿಂದ ಲಗ್ನಪತ್ರಿಕೆಯ ತುಂಡನ್ನು ಹುಡುಕಿ ತೆಗೆದೆ. ಕಿಟಕಿಯ ಅಂಚು ಸವೆದು ಸ್ವಲ್ಪ ಅಗಲವಾಗಿದೆ. ಈಗ ಅದರಲ್ಲಿ ಎರಡು ಪದ ಕಾಣುತ್ತವೆ. ಅಟ್ಟಕ್ಕೆ ಹತ್ತಿದೆ, ಮೊದಲ ಸಾಲಿನ ಮೇಲಿಟ್ಟು, ಸಂಧಿ ಬಿಡಿಸಿ, ಗಟ್ಟಿಯಾಗಿ ಓದಿದೆ. ಕೆಳಗಿನಿಂದ ಅಪ್ಪ, “ಯಾವ ಭಾಷೆಯಮ್ಮ ಅದು?” ಎಂದು ಕೇಳಿದರು.

“ನಮ್ಮದೇ ಅಪ್ಪ,” ಎಂದೆ. “ಇನ್ನೊಂದು ಸಲ ಓದುತ್ತೇನೆ, ಕೇಳಿ.”