ಶಾಲೆಯ ಲೆಕ್ಕವನ್ನು ಪೋಷಕರ ಮುಂದೆ ಓದಿದ ನನ್ನ ಅನುಭವ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ನಾನು ಅಧ್ಯಕ್ಷೆಯಾದಾಗ ಮೊದಲು ಕೈಗೆ ಬಂದದ್ದು ಸಹಿ ಹಾಕಬೇಕಾದ ಚೆಕ್. ಸಮಿತಿಯ ಬ್ಯಾಂಕ್ ಖಾತೆ ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಹೆಸರಿನಲ್ಲಿರುವುದರಿಂದ ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದು. ರಾಜ್ಯ ಸರ್ಕಾರ 2001ರಲ್ಲಿ ಈ ಸಮಿತಿಗಳನ್ನು ರಚಿಸಿತು. ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅನುದಾನದ ಬಳಕೆಯನ್ನು ಸಮಿತಿಯೇ ಗಮನಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ನಮ್ಮಲ್ಲಿ ನಡಾವಳಿ ಪುಸ್ತಕವೇ ಸಹಿಗಾಗಿ ಸದಸ್ಯರ ಮನೆಮನೆಗೆ ಹೋಗಿ ಬರುತ್ತಿತ್ತು. ಸಭೆ ಸೇರುವುದು ಅಪರೂಪವಾಗಿತ್ತು.

ನಾನು ಮೊದಲು ಬದಲಿಸಿದ್ದು ಸಭೆಯ ಹೊತ್ತನ್ನು. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕಳೆ ಕೀಳಲು ಹೋಗುವ ತಾಯಂದಿರು ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ, ಹೊಲದಿಂದ ಎಲ್ಲರೂ ಮನೆಗೆ ಬಂದ ಮೇಲೆ, ಸಂಜೆ ಶಾಲೆಯ ಜಗಲಿಯಲ್ಲಿ ಸೇರುವುದೆಂದು ತೀರ್ಮಾನಿಸಿದೆವು. ಸಭೆಯ ಆರಂಭದಲ್ಲಿ ಹಿಂದಿನ ತಿಂಗಳ ಜಮಾಖರ್ಚನ್ನು ರಸೀದಿಗಳ ಸಮೇತ ಓದತೊಡಗಿದೆ: ಸೀಮೆಸುಣ್ಣದ ಪೆಟ್ಟಿಗೆಗಳಿಗೆ ಇಷ್ಟು, ಪೊರಕೆ ಮತ್ತು ಫಿನಾಯಿಲಿಗೆ ಇಷ್ಟು, ಕಿಟಕಿಯ ಚಿಲಕದ ರಿಪೇರಿಗೆ ಇಷ್ಟು. ಇದು ತಮ್ಮ ಮೇಲಿನ ಅಪನಂಬಿಕೆಯೇ ಎಂದು ಮುಖ್ಯ ಶಿಕ್ಷಕರು ಬೇಸರಪಟ್ಟರು. "ಮೇಷ್ಟ್ರೇ, ಎಲ್ಲರೆದುರು ಓದಿದ ಲೆಕ್ಕದ ಬಗ್ಗೆ ನಾಳೆ ಯಾರೂ ನಿಮ್ಮತ್ತ ಬೆರಳು ತೋರಿಸುವಂತಿಲ್ಲ" ಎಂದೆ. ನಂತರದ ಸಭೆಗಳಲ್ಲಿ ರಸೀದಿಗಳನ್ನು ಅವರೇ ಜೋಡಿಸಿ ತರುತ್ತಿದ್ದರು. ಲೆಕ್ಕ ಕೇಳುವುದು ಶಿಕ್ಷಕರಿಗೆ ಎದುರಾಗುವುದಲ್ಲ, ಅವರನ್ನು ಕಾಪಾಡುವ ದಾರಿಯೂ ಹೌದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಸಮಗ್ರ ಶಿಕ್ಷಣ ಯೋಜನೆಯಡಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನವಿದ್ದು, ಅದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಈ ಹಣದ ದೊಡ್ಡ ಪಾಲಿನಲ್ಲಿ ಮುಂಭಾಗದ ಗೋಡೆಗೆ ಬಣ್ಣ ಬಳಿಸೋಣ ಎಂದು ಹಿರಿಯ ಸದಸ್ಯರು ಸೂಚಿಸಿದರು. ಅದುವರೆಗೆ ಹಿಂದೆ ಕುಳಿತಿದ್ದ ಒಬ್ಬ ತಾಯಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದ ಕಾರಣ ತಮ್ಮ ಮಗಳು ಸಂಜೆಯವರೆಗೆ ನೀರೇ ಕುಡಿಯದೆ ಇರುತ್ತಾಳೆ ಎಂದು ಹೇಳಿದರು. ಉಳಿದ ತಾಯಂದಿರೂ ದನಿಗೂಡಿಸಿದರು. ಬಣ್ಣದ ಪ್ರಸ್ತಾಪವನ್ನು ಅಲ್ಲಿಗೇ ಕೈಬಿಟ್ಟು, ಟ್ಯಾಂಕಿನಿಂದ ಶೌಚಾಲಯಕ್ಕೆ ಪೈಪ್ ಎಳೆಸಿ ನಲ್ಲಿ ಹಾಕಿಸಲು ಠರಾವು ಮಾಡಿದೆವು. ಆ ಮಾತು ಕಚೇರಿಯಲ್ಲಿ ಕುಳಿತು ಬರೆದ ಯಾವ ಯೋಜನೆಯಲ್ಲೂ ಬರುತ್ತಿರಲಿಲ್ಲ.

ಕಾಂಪೌಂಡಿನಂಥ ದೊಡ್ಡ ಕೆಲಸ ಶಾಲೆಯ ಅನುದಾನದಲ್ಲಿ ಆಗುವುದಿಲ್ಲ. ಅದಕ್ಕಾಗಿ ಸಮಿತಿಯ ಠರಾವಿನ ನಕಲನ್ನು ಗ್ರಾಮಸಭೆಯಲ್ಲಿ ಓದಿ, ನರೇಗಾ ಕ್ರಿಯಾಯೋಜನೆಗೆ ಸೇರಿಸಬೇಕೆಂದು ಕೇಳಿ, ಅದು ಅಲ್ಲಿನ ನಡಾವಳಿಯಲ್ಲಿ ದಾಖಲಾದದ್ದನ್ನು ನೋಡಿಕೊಂಡೇ ಎದ್ದು ಬಂದೆವು. ಗೋಡೆಯ ಒಂದು ಬದಿ ಇನ್ನೂ ಬಾಕಿಯಿದೆ. ಮುಂದಿನ ಸಭೆಯ ಮೊದಲ ವಿಷಯ ಅದೇ.